ದಿನಕ್ಕೆ ಹತ್ತು ಪದ

ಹತ್ತು ವರ್ಷಗಳ ಹಿಂದೆ, ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬಾಲ್ಯದ ಮಾತು ಬಂತು. ಒಬ್ಬರು ಕೆರೆಯಲ್ಲಿ ಈಜು ಕಲಿತದ್ದನ್ನು ಹೇಳಿದರು, ಇನ್ನೊಬ್ಬರು ತಾಯಿಯ ಜೊತೆ ಸಂತೆಯಲ್ಲಿ ಸೊಪ್ಪು ಮಾರಿದ್ದನ್ನು. ನನ್ನ ಸರದಿ ಬಂದಾಗ, ‘ನಾನು ಏಳನೇ ತರಗತಿಯಿಂದಲೇ ನೇಣು ಹಿಡಿದವನು’ ಎಂದೆ. ಸುತ್ತ ಕುಳಿತವರ ತುತ್ತು ಕೈಯಲ್ಲೇ ನಿಂತಿತು. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಹೆಗಲ ಮೇಲೆ ಕೈ ಇಟ್ಟು, ‘ಈಗ ಎಲ್ಲ ಸರಿಹೋಗಿದೆಯಲ್ಲವೇ?’ ಎಂದು ಬಹಳ ಮೆತ್ತಗೆ ಕೇಳಿದರು.

ನಮ್ಮೂರು ಸಿದ್ದಾಪುರದ ಕಡೆಯದು. ಅಡಿಕೆ ಕೊಯ್ಲಿನಲ್ಲಿ ಕೊನೆಗೌಡ ಮರದ ತುದಿಗೆ ಏರಿ, ಕೊಯ್ದ ಕೊನೆಯನ್ನು, ಅಂದರೆ ಅಡಿಕೆ ಗೊನೆಯನ್ನು, ಒಂದು ಉದ್ದನೆಯ ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ. ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ, ಮರದಿಂದ ಸ್ವಲ್ಪ ದೂರದಲ್ಲಿ, ಒಬ್ಬರು ಬಿಗಿಯಾಗಿ ಹಿಡಿದು ನಿಂತಿರಬೇಕು. ಕೊನೆ ಓರೆಯಾಗಿ ಜಾರಿ ಬಂದು ಅವರ ಕೈ ಸೇರುತ್ತದೆ, ಅಡಿಕೆ ಉದುರುವುದಿಲ್ಲ. ಆ ಹಗ್ಗಕ್ಕೆ ನೇಣು ಎನ್ನುತ್ತಾರೆ. ನೇಣು ಹಿಡಿಯುವುದು ಮನೆಯ ಹುಡುಗರ ಕೆಲಸ. ಅಂಗೈ ಕೆಂಪಾಗುತ್ತದೆ, ಕತ್ತು ಮೇಲೆತ್ತಿ ಎತ್ತಿ ನೋಯುತ್ತದೆ, ಅಷ್ಟೆ. ಇದನ್ನೆಲ್ಲ ವಿವರಿಸಿದ ಮೇಲೆ ಊಟ ಮುಂದುವರಿಯಿತು. ಆದರೆ ಆ ದಿನ ಸಂಜೆ ಬಸ್ಸಿನಲ್ಲಿ ಕುಳಿತಾಗ ನಗು ಹೋಗಿ ಒಂದು ಬಗೆಯ ಕಸಿವಿಸಿ ಉಳಿಯಿತು. ನನಗೆ ಅನ್ನ ಹಾಕಿದ ಹಗ್ಗದ ಹೆಸರು ಈ ಊರಿನಲ್ಲಿ ಪತ್ರಿಕೆಯ ಅಪರಾಧ ಪುಟದಲ್ಲಿ ಮಾತ್ರ ಬದುಕಿತ್ತು.

ಮನೆಗೆ ಬಂದು ಕಿಟೆಲ್ ನಿಘಂಟನ್ನು ತೆಗೆದೆ. ನನ್ನ ಹತ್ತಿರ ಇರುವುದು ಮರುಮುದ್ರಣದ ಪ್ರತಿ. ಅದನ್ನು ಕೊಂಡು ಆರು ವರ್ಷವಾಗಿದ್ದರೂ ಹೆಚ್ಚಾಗಿ ಇಸ್ತ್ರಿ ಇಲ್ಲದ ಕಾಗದಗಳನ್ನು ಅದರಡಿ ಇಟ್ಟು ಸಪಾಟು ಮಾಡಲು ಬಳಸುತ್ತಿದ್ದೆ ಎಂದು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ‘ನೇಣ್’ ಎಂಬಲ್ಲಿ ಹಗ್ಗ, ಹುರಿ ಎಂಬ ಅರ್ಥವೇ ಇತ್ತು. ನಮ್ಮ ತೋಟದವರ ಅರ್ಥವೇ ಹಳೆಯದು, ಕೊರಳಿಗೆ ಬಿದ್ದದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ಪಾದ್ರಿ ನನ್ನ ಪಕ್ಷದಲ್ಲಿ ಸಾಕ್ಷಿ ಹೇಳಿದಂತಾಯಿತು.

ಆ ರಾತ್ರಿಯೇ ತೀರ್ಮಾನಿಸಿದೆ: ಅಡಿಕೆ ತೋಟದ ಮಾತುಗಳದ್ದೇ ಒಂದು ಪದಕೋಶ ಮಾಡಬೇಕು. ಐದು ಸಾವಿರ ಪದ, ಒಂದು ವರ್ಷ. ಕಂಪ್ಯೂಟರಿನಲ್ಲಿ ಕೋಷ್ಟಕ ತಯಾರಾಯಿತು. ಪದ, ಅರ್ಥ, ಪ್ರಯೋಗ, ಊರು, ಹೇಳಿದವರು, ದಿನಾಂಕ ಎಂದು ಆರು ಅಂಕಣಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಮೊದಲ ವಾರ ಅರುವತ್ತೆರಡು ಪದ ಸೇರಿದವು. ಎರಡನೆಯ ವಾರ ಒಂಬತ್ತು. ಮೂರನೆಯ ವಾರ ಕೋಷ್ಟಕದ ಬಣ್ಣ ಬದಲಾಯಿಸಿದೆ. ನಾಲ್ಕನೆಯ ವಾರದಿಂದ ಅದನ್ನು ತೆರೆಯಲೇ ಇಲ್ಲ. ಊರಿಗೆ ಹೋದಾಗ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡದ್ದು ಸ್ವಲ್ಪ ಇತ್ತು. ಅದು ಮೊಬೈಲಿನ ಸಮೇತ ತೋಟದ ಬಸಿಗಾಲುವೆಗೆ ಬಿತ್ತು. ನಿಜ ಹೇಳಬೇಕೆಂದರೆ ಬಿದ್ದಾಗ ಸ್ವಲ್ಪ ಸಮಾಧಾನವೇ ಆಯಿತು. ಇನ್ನು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ.

ಎರಡು ವರ್ಷ ಹಾಗೆಯೇ ಹೋಯಿತು. ಮತ್ತೆ ಕೈಹಿಡಿದು ಎಬ್ಬಿಸಿದ್ದು ಅದೇ ಕಿಟೆಲ್, ಈ ಬಾರಿ ನಿಘಂಟಿಗಿಂತ ಹೆಚ್ಚಾಗಿ ಅವರ ಬದುಕು.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲಂಚಿನ ಸೀಮೆಯಲ್ಲಿ, ಪಾದ್ರಿಯೊಬ್ಬರ ಮನೆಯಲ್ಲಿ. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಇಪ್ಪತ್ತೊಂದು ವರ್ಷ. ಬಂದದ್ದು ನಿಘಂಟು ಬರೆಯಲೆಂದಲ್ಲ, ಜನರನ್ನು ಕ್ರಿಸ್ತನ ಕಡೆಗೆ ಕರೆದೊಯ್ಯಲು. ಇಲ್ಲಿಯವರ ಹಾಗೆಯೇ ಬದುಕಿ, ಹಳ್ಳಿಯಿಂದ ಹಳ್ಳಿಗೆ ನಡೆದು, ಅವರ ಮಾತಿನಲ್ಲೇ ಮಾತನಾಡಬೇಕೆಂಬ ಹುಡುಗುತನದ ಹಟ ಅವರಿಗಿತ್ತು. ಮಿಷನ್ನಿನ ಹಿರಿಯರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲು ಬರುವಂತೆ ‘ಕಥಾಮಾಲೆ’ಯಾಗಿ 1862ರಲ್ಲಿ ತಂದರು. ಹಳಗನ್ನಡದ ಬೆನ್ನು ಹತ್ತಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ಪಾದ್ರಿ ಮಾಡಬೇಕಾದ ಕೆಲಸ ಬಿಟ್ಟು ಈ ಮನುಷ್ಯ ವ್ಯಾಕರಣ, ಪ್ರಾಸ ಎಂದು ಕುಳಿತಿದ್ದಾನಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವರಿಗಿಂತ ಮೊದಲೂ ನಿಘಂಟುಗಳಿದ್ದವು. ವಿಲಿಯಂ ರೀವ್ ಎಂಬವರದು 1832ರಲ್ಲಿಯೇ ಬಂದಿತ್ತು, ಅಂದರೆ ಕಿಟೆಲ್ ಹುಟ್ಟಿದ ವರ್ಷ. ಕಿಟೆಲ್ ಮಾಡಿದ್ದು ಬೇರೆಯದೇ ಬಗೆ. ಕಾವ್ಯದಲ್ಲಿ ಪದ ಎಲ್ಲಿ ಬಂದಿದೆ, ಮೈಸೂರಿನವರು ಯಾವ ಅರ್ಥದಲ್ಲಿ ಆಡುತ್ತಾರೆ, ಧಾರವಾಡದ ಕಡೆಯವರು ಯಾವ ಅರ್ಥದಲ್ಲಿ, ತಮಿಳು ತೆಲುಗು ಮಲಯಾಳ ತುಳುಗಳಲ್ಲಿ ಅದರ ಅಕ್ಕತಂಗಿಯರು ಯಾರು, ಯಾವ ಗಾದೆಯೊಳಗೆ ಅದು ಅಡಗಿ ಕುಳಿತಿದೆ ಎಂಬುದನ್ನೆಲ್ಲ ಒಂದೊಂದು ಪದದ ಕೆಳಗೂ ಕೂಡಿಸಿದರು. ಸಾಲಿನ ಕೊನೆಯಲ್ಲಿ ಪುಟ್ಟ ಆವರಣದಲ್ಲಿ ಮೈಸೂರಿಗೊಂದು ಸಂಕೇತ, ದಕ್ಷಿಣ ಮರಾಠಾ ಸೀಮೆಗೊಂದು ಸಂಕೇತ. ಆ ಪುಟ್ಟ ಗುರುತನ್ನು ಹಾಕಲು ಎಷ್ಟು ಜನರ ಬಾಯಿ ಕೇಳಬೇಕು ಎಂಬುದು ನಾನು ಇದೇ ಕೆಲಸಕ್ಕೆ ಕೈಹಾಕುವವರೆಗೆ ಗೊತ್ತಿರಲಿಲ್ಲ. ಒಂದು ಮಾತು ನಮ್ಮೂರಿನದೋ ಇಡೀ ಸೀಮೆಯದೋ ಎಂದು ಖಚಿತಪಡಿಸಿಕೊಳ್ಳಲು ನನಗೆ ಒಮ್ಮೆ ನಾಲ್ಕು ತಿಂಗಳು ಹಿಡಿಯಿತು. ನನ್ನ ಹತ್ತಿರ ದೂರವಾಣಿ ಇತ್ತು, ಅವರ ಹತ್ತಿರ ಕಾಲುಗಳಿದ್ದವು.

1877ರಲ್ಲಿ ಅವರು ಜರ್ಮನಿಗೆ ಹಿಂದಿರುಗಿದರು. ನಿಘಂಟು ಅರ್ಧದಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಐವತ್ತು ದಾಟಿದ ಮೇಲೆ, 1883ರಲ್ಲಿ, ಮತ್ತೆ ಹಡಗು ಹತ್ತಿ ಬಂದರು, ಮತ್ತೆ ಪದ ಹುಡುಕಿದರು. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪುಸ್ತಕ ಹೊರಬಂತು. 1,752 ಪುಟ, ಸುಮಾರು 70,000 ಪದ. ಪುಸ್ತಕ ಬಂದಾಗ ಅವರಿಗೆ ಅರುವತ್ತೆರಡು, ಅಷ್ಟರಲ್ಲಿ ಜರ್ಮನಿಗೆ ಮರಳಿ, ಇದ್ದದ್ದು ಮಂಗಳೂರಿನಿಂದ ಬಹುದೂರದ ಟ್ಯೂಬಿಂಗನ್ನಿನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣವೂ ಪ್ರಕಟವಾಯಿತು, ಅದೇ ವರ್ಷ ಅವರು ತೀರಿಕೊಂಡರು.

ಆ 1,752 ಪುಟಗಳ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಮಂಗಳೂರಿನ ಕೈಗಳ ಹೆಸರು ನಮ್ಮ ಬಾಯಲ್ಲಿಲ್ಲ. ಕನ್ನಡ ಮೊಳೆ, ರೋಮನ್ ಮೊಳೆ, ಅದರ ತಲೆಯ ಮೇಲೊಂದು ಗೆರೆ, ಕಾಲಡಿಯಲ್ಲೊಂದು ಚುಕ್ಕೆ. ಒಂದು ಪುಟ ಮುಗಿದರೆ ಇನ್ನೊಂದು. ಕಿಟೆಲ್ಲರಿಗಾದರೂ ಮುಂದೊಂದು ಪುಸ್ತಕ ಕಾಣುತ್ತಿತ್ತು. ಮೊಳೆ ಜೋಡಿಸುವವನಿಗೆ ಕಂಡದ್ದು ಆ ದಿನದ ಪುಟವೊಂದೇ, ಅದೂ ತಲೆಕೆಳಗಾಗಿ.

ಇಷ್ಟು ಓದಿದ ಮೇಲೆ ಲೆಕ್ಕದ ಹುಳು ತಲೆಗೆ ಹೊಕ್ಕಿತು. ನಿಘಂಟಿನ ಕೆಲಸಕ್ಕೆ ಹೆಚ್ಚುಕಡಿಮೆ ಎರಡು ದಶಕ ಎಂದು ಹಿಡಿದರೆ 7,300 ದಿನ. 70,000ವನ್ನು ಅದರಿಂದ ಭಾಗಿಸಿದರೆ ದಿನಕ್ಕೆ ಒಂಬತ್ತೂವರೆ ಪದ. ಹತ್ತು ಎಂದೇ ಇಟ್ಟುಕೊಳ್ಳೋಣ. ನಾನು ಬೆಚ್ಚಿದ್ದು ಆ ಸಂಖ್ಯೆ ಎಷ್ಟು ಚಿಕ್ಕದು ಎಂದು. ನನ್ನ ಮೊದಲ ವಾರದ ವೇಗವೂ ಹೆಚ್ಚುಕಡಿಮೆ ಅಷ್ಟೇ ಇತ್ತಲ್ಲ! ಅವರಿಗೂ ನನಗೂ ಇದ್ದ ವ್ಯತ್ಯಾಸ ನಾಲ್ಕನೆಯ ವಾರದಲ್ಲಿತ್ತು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ವಿ. ಕೃಷ್ಣ ಎಂಬವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕುಳಿತು ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ಕಟ್ಟಿದರು. ಅದು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಅಂತರ್ಜಾಲಕ್ಕೆ ಬಂತು, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ನಲವತ್ತು ವರ್ಷವೆಂದರೆ 14,600 ದಿನ. ಭಾಗಿಸಿ ನೋಡಿ, ಮತ್ತೆ ಹತ್ತು! ಒಂದು ಶತಮಾನದ ಅಂತರದಲ್ಲಿ, ಒಬ್ಬರನ್ನೊಬ್ಬರು ಕಾಣದ ಇಬ್ಬರ ದಿನಗೂಲಿ ಒಂದೇ. ಇದು ಕಾಕತಾಳೀಯ ಎಂದು ನನಗೂ ಗೊತ್ತು. ಸರಾಸರಿಯೆಂಬುದು ಸುಳ್ಳಿನ ಚಿಕ್ಕಪ್ಪನ ಮಗ. ಜ್ವರ ಬಂದ ದಿನ ಸೊನ್ನೆ, ಉಮೇದಿನ ದಿನ ನಲವತ್ತು ಆಗಿರುತ್ತದೆ. ಆದರೂ ಆ ‘ಹತ್ತು’ ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಇನ್ನೂ ಇದೆ.

ಈ ಬಗೆಯ ಮಾತು ಶುರುವಾದರೆ ಪ್ರೇರಣೆಯ ಭಾಷಣಕಾರರು ಒಂದು ಸೂತ್ರ ಹೇಳುತ್ತಾರೆ: ದಿನಕ್ಕೆ ಶೇಕಡಾ 1ರಷ್ಟು ಉತ್ತಮವಾಗುತ್ತಾ ಹೋದರೆ ವರ್ಷದ ಕೊನೆಗೆ ಮೂವತ್ತೇಳು ಪಟ್ಟು ಉತ್ತಮರಾಗುತ್ತೀರಿ ಎಂದು. ಲೆಕ್ಕ ಸರಿಯೇ, ಬಾಳು ಹಾಗಿಲ್ಲ. ಚಕ್ರಬಡ್ಡಿ ಬ್ಯಾಂಕಿನಲ್ಲಿ ಸಿಗುತ್ತದೆ, ತೋಟದಲ್ಲಿ ಸಿಗುವುದಿಲ್ಲ. ನಲವತ್ತು ಸಾವಿರದ ಒಂದನೆಯ ಪದ ಮೊದಲನೆಯ ಪದಕ್ಕಿಂತ ಸುಲಭವಾಗುವುದಿಲ್ಲ. ಇನ್ನೂ ಕಷ್ಟವೇ ಆಗುತ್ತದೆ, ಏಕೆಂದರೆ ಹಿಂದೆ ಬರೆದ ಹನ್ನೆರಡು ಪದಗಳ ಅರ್ಥವನ್ನು ಅದು ಅಲುಗಾಡಿಸಿ ಹೋಗುತ್ತದೆ. ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ಇಡುವವೂ ಸೇರಿರುತ್ತವೆ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ, ಶಾಸನದಿಂದ ಹೊಸಗನ್ನಡದವರೆಗೆ ಪ್ರಯೋಗ ಸಮೇತ ತೋರಿಸುವ ಕೋಶವೊಂದು ಬೇಕೆಂದು ಹೊರಟ ಕೆಲಸ ಅದು. ವಿದ್ವಾಂಸರು ಕಾವ್ಯಗಳನ್ನೂ ಶಾಸನಗಳನ್ನೂ ಸಾಲು ಸಾಲಾಗಿ ಓದಿ, ಪದವೊಂದಕ್ಕೆ ಚೀಟಿಯೊಂದರಂತೆ ಬರೆದರು. ಅಂಥ ಚೀಟಿಗಳು ಲಕ್ಷಗಟ್ಟಲೆ ಆದವು. ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು, ಕೊನೆಯದು, 1995ರಲ್ಲಿ. ನಡುವೆ ಇಪ್ಪತ್ತೈದು ವರ್ಷ. ಮೊದಲ ಚೀಟಿಯಿಂದ ಎಣಿಸಿದರೆ ಅದಕ್ಕೂ ಬಹಳ ಹೆಚ್ಚು. ಆರಂಭದಲ್ಲಿ ಕೈಹಾಕಿದ ಕೆಲವರು ಕೊನೆಯ ಸಂಪುಟವನ್ನು ಕಾಣಲಿಲ್ಲ. ನಿಘಂಟು ಮಾಡುವವನ ಸಂಕಟ ಇದು, ಅ ಕಾರದಲ್ಲಿ ತಲೆಕೂದಲು ಕಪ್ಪಾಗಿರುತ್ತದೆ, ಕ ಕಾರ ದಾಟುವಾಗ ನೆರೆಯುತ್ತದೆ, ಸ ಕಾರದ ಹೊತ್ತಿಗೆ ಕನ್ನಡಕದ ಸಂಖ್ಯೆ ಮೂರು ಸಲ ಬದಲಾಗಿರುತ್ತದೆ. ಕ ಮತ್ತು ಸ ಎರಡು ಘಟ್ಟಗಳು. ಹತ್ತಿ ಇಳಿದವರಿಗೇ ಗೊತ್ತು.

ಪ್ರಧಾನ ಸಂಪಾದಕರಾಗಿ ಈ ಘಟ್ಟ ಹತ್ತಿಸಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ಎಂಟನೆಯ ಸಂಪುಟ ಬಂದಾಗ ಎಂಬತ್ತೆರಡರ ಹತ್ತಿರ. ಅಲ್ಲಿಗೆ ಸಾಕು ಎನ್ನಬಹುದಿತ್ತು. ಅವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ಒಂದೊಂದಾಗಿ ಉತ್ತರ ಬರೆದರು. ತೀರಿಕೊಂಡದ್ದು 2021ರಲ್ಲಿ, 107ನೆಯ ವಯಸ್ಸಿನಲ್ಲಿ. ಎಂಟು ಸಂಪುಟಗಳ ಸಂಪಾದಕನೊಬ್ಬ ಒಂದು ಕಾರ್ಡಿನ ಮೇಲೆ ಬಂದ ಒಂದು ಪದದ ಪ್ರಶ್ನೆಗೆ ಮನಸ್ಸಿಟ್ಟು ಉತ್ತರಿಸುವುದು ನನಗೆ ಎಂಟು ಸಂಪುಟಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಇದು ನನ್ನ ಪಕ್ಷಪಾತ ಇರಬಹುದು. ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರು ಆರು ಸಂಪುಟಗಳ ತುಳು ನಿಘಂಟನ್ನು 1988ರಿಂದ 1997ರ ನಡುವೆ ಹೊರತಂದದ್ದೂ ಇದೇ ಜಾತಿಯ ಕೆಲಸ. ಅದರ ಬಗ್ಗೆ ತುಳು ಬಲ್ಲವರು ಬರೆಯಬೇಕು.

ಈಗ ನಂಬಿಕೆಯ ಮಾತು. ಕನ್ನಡದಲ್ಲಿ ನಂಬು, ನೆಚ್ಚು ಎಂದು ಎರಡು ಮಾತುಗಳಿವೆ. ನೆಚ್ಚುವುದು ಎಂದರೆ ಭಾರ ಬಿಟ್ಟು ನಂಬುವುದು, ಇದರ ಮೇಲೆ ಕಾಲಿಟ್ಟರೆ ಮುರಿಯುವುದಿಲ್ಲ ಎಂದು ಕಾಲಿಡುವುದು. ‘ಮಳೆಯನ್ನೇ ನೆಚ್ಚಿಕೊಂಡವರು’ ಎನ್ನುತ್ತೇವಲ್ಲ, ಹಾಗೆ. ಈಗ ಆ ಪದ ಹೆಚ್ಚಾಗಿ ನೆಚ್ಚಿನ ನಟ, ನೆಚ್ಚಿನ ತಿಂಡಿ ಎಂದಷ್ಟೇ ಉಳಿದಿದೆ, ಭಾರವೆಲ್ಲ ಇಳಿದು ಇಷ್ಟ ಮಾತ್ರ ನಿಂತಿದೆ. ಕಿಟೆಲ್ ನೆಚ್ಚಿದ್ದು ತನ್ನ ದೇವರನ್ನು. ಆ ಶ್ರದ್ಧೆಯನ್ನು ಬದಿಗಿಟ್ಟು ‘ಭಾಷಾಪ್ರೇಮಿ’ ಎಂದು ಮಾತ್ರ ಹೊಗಳುವುದು ಅವರಿಗೆ ನಾವು ಮಾಡುವ ಸಣ್ಣ ಅನ್ಯಾಯ. ಆದರೆ ಅವರು ಯಾವ ಕೆಲಸಕ್ಕೆಂದು ಬಂದರೋ ಅದರಲ್ಲಿ ಅವರನ್ನು ಯಾರೂ ನೆನೆಯುವುದಿಲ್ಲ. ಅವರು ಮತಾಂತರ ಮಾಡಿದವರು ಎಷ್ಟು ಜನ ಎಂದು ಕೇಳುವವರಿಲ್ಲ, ಅವರ ನಿಘಂಟಿನಲ್ಲಿ ಈ ಪದ ಇದೆಯೇ ಎಂದು ದಿನವೂ ಯಾರೋ ಕೇಳುತ್ತಾರೆ. ದಾರಿಯ ಬದಿಯಲ್ಲಿ ಮಾಡಿಕೊಂಡ ಕೆಲಸ ದಾರಿಗಿಂತ ಉದ್ದವಾಯಿತು. ದಿನದಿನದ ಹೆಜ್ಜೆ ನಮ್ಮನ್ನು ಎಲ್ಲಿಗೋ ಮುಟ್ಟಿಸುತ್ತದೆ ಎಂಬುದು ನಿಜವಿರಬಹುದು, ನಾವು ಹೊರಟ ಊರಿಗೇ ಮುಟ್ಟಿಸುತ್ತದೆ ಎಂದು ಯಾವ ನಂಬಿಕೆಯೂ ಭರವಸೆ ಕೊಟ್ಟಂತಿಲ್ಲ. ಇದು ಯೋಚಿಸಿದಾಗ ನನಗೆ ಖುಷಿಯಾಗುತ್ತದೆಯೋ ಭಯವಾಗುತ್ತದೆಯೋ ಇನ್ನೂ ತಿಳಿದಿಲ್ಲ.

ನನ್ನ ಕೆಲಸ ಎರಡನೆಯ ಸಲ ಶುರುವಾದದ್ದು ಇನ್ನೂರು ಪುಟದ ಶಾಲಾ ನೋಟ್‌ಬುಕ್ಕಿನಲ್ಲಿ. ಬಣ್ಣವಿಲ್ಲ, ಅಂಕಣವಿಲ್ಲ. ದಿನಕ್ಕೆ ಒಂದು ಪದ. ಗೋಡೆಯ ಮೇಲೆ ಹತ್ತು ಎಂದಿದ್ದರೂ ನನ್ನ ಯೋಗ್ಯತೆ ನನಗೆ ಗೊತ್ತಿತ್ತು. ರಾತ್ರಿ ಎಂಟೂವರೆಗೆ ಊರಿಗೆ ಫೋನ್. ಎತ್ತುವವರು ದೊಡ್ಡಪ್ಪ. ಮೊದಮೊದಲು ಅವರಿಗೆ ಇದು ಬಹಳ ಬೇಸರದ ಕೆಲಸವಾಗಿತ್ತು. ‘ಹಾಳೆ ಅಂದರೆ ಹಾಳೆ. ಇದರಲ್ಲಿ ಬರೆದುಕೊಳ್ಳುವುದಕ್ಕೆ ಏನಿದೆ?’ ಎಂದರು. ಅಡಿಕೆ ಸೋಗೆಯ ಬುಡದ ಅಗಲವಾದ ಭಾಗ ಹಾಳೆ. ಮಕ್ಕಳು ಅದರ ಮೇಲೆ ಕುಳಿತು ಎಳೆಸಿಕೊಳ್ಳುತ್ತಾರೆ, ಕೆಲಸದವರು ಅದರಿಂದ ಟೊಪ್ಪಿ ಮಾಡಿಕೊಳ್ಳುತ್ತಾರೆ, ಊಟದ ತಟ್ಟೆ ಮಾಡಿ ಈಗ ಪೇಟೆಗೂ ಕಳಿಸುತ್ತಾರೆ. ಆ ಪದವನ್ನು ನಾನು ಬರೆಯುತ್ತಿದ್ದದ್ದು ಯಾವುದರ ಮೇಲೆ ಎಂದು ಹೇಳಿದಾಗ ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಹೌದಲ್ಲವೋ ತಮ್ಮಾ’ ಎಂದರು. ಅಂದಿನಿಂದ ಅವರೂ ಈ ಆಟಕ್ಕೆ ಬಿದ್ದರು.

‘ಕೊಟ್ಟೆ’ ನಮ್ಮನ್ನು ಹನ್ನೊಂದು ದಿನ ಕಾಡಿತು. ಹಲಸಿನ ಎಲೆಯನ್ನು ಕಡ್ಡಿ ಚುಚ್ಚಿ ಬಟ್ಟಲಿನಂತೆ ಮಾಡಿ ಕಡುಬು ಬೇಯಿಸುವುದು ಕೊಟ್ಟೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಕರಡದ, ಅಂದರೆ ಒಣಹುಲ್ಲಿನ, ಹೊದಿಕೆ ಕಟ್ಟುತ್ತಿದ್ದರು, ಅದೂ ಕೊಟ್ಟೆ. ಈಗ ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಪ್ಲಾಸ್ಟಿಕ್ ಚೀಲವೂ ಕೊಟ್ಟೆಯೇ. ಮೂರಕ್ಕೂ ಹೊಂದುವ ಒಂದು ವಿವರಣೆ ಬೇಕು. ನಾನು ‘ಒಳಗಿಟ್ಟು ಮುಚ್ಚುವಂಥದ್ದು’ ಎಂದು ಬರೆದೆ. ದೊಡ್ಡಾಯಿ ಹಿಂದಿನಿಂದ, ‘ಕಡುಬಿನ ಕೊಟ್ಟೆಗೆ ಮುಚ್ಚಳ ಎಲ್ಲಿದೆ? ಅಡುಗೆಮನೆಗೆ ಬಾರದವರು ಬರೆದರೆ ಹೀಗೆಯೇ’ ಎಂದು ಕೂಗಿ ಹೇಳಿದ್ದು ಫೋನಿನಲ್ಲಿ ಕೇಳಿಸಿತು. ಹೊಡೆದುಹಾಕಿದೆ. ಆ ಪುಟದಲ್ಲಿ ಏಳು ಸಲ ಹೊಡೆದುಹಾಕಿದ ಗುರುತಿದೆ.

ಕೊಯ್ಲಿಗೆ ಊರಿಗೆ ಹೋದಾಗ ಕೊನೆಗೌಡನ ಹತ್ತಿರ ಕೇಳಿ ಬರೆದುಕೊಂಡದ್ದೇ ಹೆಚ್ಚು ಖಚಿತ. ಅವನು ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿ ಒಮ್ಮೆ ಏರಿದರೆ ಸುಲಭಕ್ಕೆ ಇಳಿಯುವುದಿಲ್ಲ. ಒಂದು ಮರದ ಕೊನೆ ಮುಗಿಯುತ್ತಲೇ ಮೈ ತೂಗಿ ಮರವನ್ನು ಬಾಗಿಸಿ, ಪಕ್ಕದ ಮರದ ತುದಿಯನ್ನು ಹಿಡಿದು, ಅದಕ್ಕೆ ದಾಟಿಬಿಡುತ್ತಾನೆ. ಹೀಗೆ ಒಂದು ಸಾಲು. ಇಷ್ಟು ದೊಡ್ಡ ತೋಟ ನೋಡಿದರೆ ಬೆಳಿಗ್ಗೆ ಏನನ್ನಿಸುತ್ತದೆ ಎಂದು ಒಮ್ಮೆ ಕೇಳಿದೆ. ಏನೋ ಗಂಭೀರವಾದ ಉತ್ತರ ಬಂದರೆ ಎಲ್ಲಾದರೂ ಬರೆಯಬಹುದು ಎಂಬ ಆಸೆ. ‘ಇರುವೆ ಇರುವ ಮರ ಯಾವುದು ಎಂದು ನೋಡುತ್ತೇನೆ ಸಣ್ಣ ಹೆಗಡೆಯವರೇ’ ಎಂದ.

ಎಂಟು ವರ್ಷವಾಯಿತು. ಮೊನ್ನೆ ಎಣಿಸಿದೆ, 1,186 ಪದ. ಅಂದರೆ ಐದು ದಿನಕ್ಕೆ ಎರಡು. ದಿನಕ್ಕೆ ಒಂದು ಎಂಬ ಬಡ ಹರಕೆಯನ್ನೂ ಅರ್ಧಕ್ಕಿಂತ ಹೆಚ್ಚು ದಿನ ತಪ್ಪಿಸಿದ್ದೇನೆ. ಅಪ್ಪ ತೀರಿಕೊಂಡ ವರ್ಷದಲ್ಲಿ ಮೂರು ತಿಂಗಳು ಪುಟ ಖಾಲಿ. ಒಂದು ಬೇಸಿಗೆಯಲ್ಲಿ ಕೆಲಸ ಬದಲಾಯಿಸಿದಾಗ ಮತ್ತೆ ಖಾಲಿ. ಕೋಷ್ಟಕವಿದ್ದಾಗ ಒಂದು ದಿನ ತಪ್ಪಿದರೆ ಇಡೀ ಕೆಲಸವೇ ಬಿದ್ದುಹೋದಂತೆ ಅನ್ನಿಸುತ್ತಿತ್ತು. ನೋಟ್‌ಬುಕ್ಕಿಗೆ ಆ ಹಮ್ಮಿಲ್ಲ, ತೆರೆದರೆ ಮುಂದಿನ ಸಾಲು ಇರುತ್ತದೆ. ಇದನ್ನು ಯಾರು ಅಚ್ಚು ಹಾಕುತ್ತಾರೆ, ಯಾರು ಓದುತ್ತಾರೆ ಎಂದು ಮನೆಯಲ್ಲಿ ಕೇಳುತ್ತಾರೆ. ಗೊತ್ತಿಲ್ಲ. ಎಲ್ಲೋ ಒಬ್ಬರು ಎಂದೋ ಒಂದು ದಿನ ಊಟದ ಮೇಜಿನಲ್ಲಿ ತಮ್ಮ ಊರಿನ ಪದ ಆಡಿ ಪೆಚ್ಚಾಗಿ, ಮನೆಗೆ ಬಂದು ಹುಡುಕಬಹುದು. ಆ ಒಬ್ಬರನ್ನು ನೆಚ್ಚಿ ನಡೆಯುತ್ತಿದೆ.

ಎಂಬತ್ತೊಂದರ ದೊಡ್ಡಪ್ಪನ ನೆನಪು ಈಗೀಗ ಸ್ವಲ್ಪ ತಡವರಿಸುತ್ತದೆ. ಹೋದ ವಾರ ಹೊರೆ ಹೊರುವ ಮಾತು ಬಂತು. ಹಿಂದೆ ಕೊನೆಗಳನ್ನು ಬಿದಿರಿನ ಕೋಲಿನ ಎರಡು ತುದಿಗೂ ಕಟ್ಟಿ, ಕೋಲನ್ನು ಹೆಗಲಿಗೆ ಅಡ್ಡವಾಗಿ ಇಟ್ಟು, ತೋಟದಿಂದ ಅಂಗಳಕ್ಕೆ ತರುತ್ತಿದ್ದರು. ಆ ಕೋಲಿಗೆ ಏನೆನ್ನುತ್ತಿದ್ದರು? ‘ಕಾವಡಿಯೇ?’ ಎಂದೆ. ‘ಅದು ಬೇರೆ, ಅದು ದೇವರದು. ಇದಕ್ಕೆ ನಮ್ಮ ಅಪ್ಪ ಬೇರೆ ಏನೋ ಹೇಳುತ್ತಿದ್ದ. ನಾಲಿಗೆಯ ತುದಿಯಲ್ಲಿದೆ’ ಎಂದರು. ದೊಡ್ಡಾಯಿಗೂ ಹೊಳೆಯಲಿಲ್ಲ. ಹತ್ತು ನಿಮಿಷ ಕಾದು, ನಾಳೆ ನೋಡೋಣ ಎಂದು ಫೋನ್ ಇಟ್ಟೆವು. ನೋಟ್‌ಬುಕ್ಕಿನಲ್ಲಿ ಸಾಲು ಬಿಟ್ಟು ಅರ್ಥವನ್ನು ಮಾತ್ರ ಬರೆದಿಟ್ಟೆ. ನಿಘಂಟಿನಲ್ಲಿ ಪದಕ್ಕೆ ಅರ್ಥ ಹುಡುಕುವುದು ರೂಢಿ, ಇಲ್ಲಿ ಅರ್ಥ ಒಂಟಿಯಾಗಿ ಕುಳಿತು ಪದಕ್ಕೆ ಕಾಯುತ್ತಿತ್ತು. ಮರುದಿನ ಇಲ್ಲ, ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನೇ, ‘ಹೋಗಲಿ, ಬೇರೆ ಪದ ಹೇಳಿ’ ಎಂದೆ. ಅವರು ಬೇರೆ ಪದ ಹೇಳಲಿಲ್ಲ.

ನಿನ್ನೆ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಫೋನ್ ಬಡಿದುಕೊಂಡಿತು. ಆ ಹೊತ್ತಿನಲ್ಲಿ ಊರಿನಿಂದ ಫೋನ್ ಬಂದರೆ ಎದೆ ಏನನ್ನು ಎಣಿಸುತ್ತದೆಂದು ಹೇಳಬೇಕಾಗಿಲ್ಲ. ಎತ್ತಿದೆ.

‘ಅಡ್ಡೆ’ ಎಂದರು ದೊಡ್ಡಪ್ಪ.

ನಿದ್ದೆಗಣ್ಣಿನಲ್ಲಿ ನನಗೆ ಜೂಜಿನ ಅಡ್ಡೆಯೇ ಹೊಳೆಯಿತು. ಯಾರನ್ನೋ ಪೊಲೀಸರು ಹಿಡಿದಿದ್ದಾರೆ ಎಂದುಕೊಂಡೆ. ‘ಯಾವ ಅಡ್ಡೆ ದೊಡ್ಡಪ್ಪ? ಯಾರು ಸಿಕ್ಕಿಬಿದ್ದರು?’

‘ಯಾರೂ ಸಿಕ್ಕಿಬೀಳಲಿಲ್ಲ ಮಾರಾಯ. ಕೋಲು. ಹೊರೆ ಹೊರುವ ಕೋಲು. ಅಡ್ಡೆ. ಬರೆದುಕೊಂಡೆಯಾ?’

ಪೆನ್ನು ಹುಡುಕಿ, ದೀಪ ಹಾಕಿ, ಬಿಟ್ಟಿದ್ದ ಸಾಲಿನಲ್ಲಿ ಬರೆದೆ. ಅವರು ಅಲ್ಲಿಯವರೆಗೆ ಫೋನ್ ಇಡದೆ ಕಾದರು.